ಕಾರಿನ ಉಸಿರು ಹಿಡಿದ ಪೇಟಿ ಹಜರಾಬಿ

ಬಸವನ ಬಾಗೇವಾಡಿಯಲ್ಲಿ ಹಜರಾಬಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಪೇಟಿ ಹಜರಾಬಿ ಎಂದರೆ ಸಾಕು, ಕೈ ಹಿಡಿದು ಬಾಗಿಲಿನವರೆಗೆ ಬಿಟ್ಟು ಬರುತ್ತಿದ್ದರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಇಂಗಳೇಶ್ವರದ ಭಜನೆಯವರದಿರಲಿ, ಮುದ್ದೇಬಿಹಾಳದ ಸಂಗೀತ ಮಾಸ್ತರರದಿರಲಿ, ಇಂಡಿಯ ನಾಟಕದ ಮಂದಿಯದಿರಲಿ, ಪೇಟಿಯ ಉಸಿರು ಕಟ್ಟಿತೆಂದರೆ ಅದು ಬಸ್ಸಿನ ಮಾಳಿಗೆ ಏರಿ ಅವಳ ಅಂಗಳಕ್ಕೇ ಬಂದು ಇಳಿಯಬೇಕು.

ವಿದ್ಯೆ ತಂದೆಯದು. ಸಿಂದಗಿಯ ಜೈನುದ್ದೀನ ಪೇಟಿ ರಿಪೇರಿಯಲ್ಲಿ ಸುತ್ತಲಿನ ನಾಲ್ಕು ತಾಲೂಕಿಗೆ ಹೆಸರಾದವನು. ಅವನಿಗೆ ಗಂಡುಮಕ್ಕಳಿರಲಿಲ್ಲ. ಇದ್ದಿದ್ದರೂ ಇವಳಂಥ ಕಿವಿ ಅವರಿಗೆಲ್ಲಿಂದ ಬರಬೇಕಿತ್ತು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಪೇಟಿಯ ತಿದಿಯಲ್ಲಿ ಗಾಳಿ ಎಲ್ಲಿ ಸೋರುತ್ತದೆಂದು ಹುಡುಕಲು ಉಳಿದವರು ಊದಿನಕಡ್ಡಿಯ ಹೊಗೆ ಹಿಡಿಯುತ್ತಿದ್ದರೆ, ಜೈನುದ್ದೀನ ಮಗಳಿಗೆ ಕಲಿಸಿದ್ದು ಬೇರೆ. ಕೆಳತುಟಿ ಒದ್ದೆ ಮಾಡಿಕೊಂಡು ತಿದಿಯ ಒಂದೊಂದು ಮಡಿಕೆಗೂ ಹಿಡಿಯಬೇಕು. ಸೋರುವ ಕಡೆ ತುಟಿ ತಣ್ಣಗಾಗುತ್ತದೆ. ಗಾಳಿಗೆ ನುಡಿಯುವ ಹಿತ್ತಾಳೆಯ ಸ್ವರದ ಪಟ್ಟಿಗಳನ್ನು ಬಾಯಿಗಿಟ್ಟು ಹೀರಿ ನೋಡಬೇಕು. ಕಿವಿ, ತುಟಿ, ನಾಲಿಗೆ, ಇವೇ ಅವಳ ಸಾಮಾನು. ಅವಳು ಕೇಳುತ್ತ ಕೂತಾಗ ಎದುರಿಗಿದ್ದವರು ಕೆಮ್ಮುವ ಹಾಗೂ ಇರಲಿಲ್ಲ. "ಶ್! ಕೇಳಾಕತ್ತೇನಿ," ಎಂದು ಒಂದು ಸಲ ಗದರಿದಳೆಂದರೆ ಮಠದ ಅಯ್ಯನವರೂ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು.

ಗಂಡ ಬಾಬುಲಾಲ ಅವಳಿಗೆ ತೀರ ತದ್ವಿರುದ್ಧ. ಮೆತ್ತನೆಯ ಮನುಷ್ಯ, ಮೆತ್ತನೆಯ ಮಾತು. ತೊಗರಿ ವ್ಯಾಪಾರಿ ಬಸಂತರಾಯ ಸಾಹುಕಾರರ ಬಿಳಿ ಕಾರಿಗೆ ಎಂಟು ವರ್ಷದಿಂದ ಅವನೇ ಡ್ರೈವರು. ಮೊಟ್ಟೆಯ ಬುಟ್ಟಿ ಇಟ್ಟುಕೊಂಡವನ ಹಾಗೆ ಗಾಡಿ ಹೊಡೆಯುತ್ತಿದ್ದ, ಹೊಡೆಯುವಾಗ ಮೂಗಿನಲ್ಲೇ ಏನೋ ಒಂದು ಗುನುಗುತ್ತಿದ್ದ. ಆ ಎಂಟು ವರ್ಷದಲ್ಲಿ ಹಜರಾಬಿ ಒಂದು ದಿನವೂ ಆ ಕಾರಿನಲ್ಲಿ ಕೂತವಳಲ್ಲ. ಸಾಹುಕಾರರ ಗಾಡಿಯಲ್ಲಿ ಡ್ರೈವರನ ಹೆಂಡತಿ ಕೂರುವುದುಂಟೆ? ಯಾರೂ ಬೇಡ ಎಂದಿರಲಿಲ್ಲ, ಯಾರೂ ಬಾ ಎಂದೂ ಇರಲಿಲ್ಲ.

ಎಪ್ಪತ್ತಮೂರು ಮುಗಿದು ಎಪ್ಪತ್ತನಾಲ್ಕು ಬರುವ ಹೊತ್ತಿಗೆ ಪೆಟ್ರೋಲಿನ ದರ ಗಗನಕ್ಕೇರಿತ್ತು. ಅದೇ ಹೊತ್ತಿಗೆ ಸಾಹುಕಾರರ ಕಾರೂ ಕುಡಿಯುವುದನ್ನು ಕಲಿಯಿತು. ಲೀಟರಿಗೆ ಹನ್ನೊಂದು ಕಿಲೋಮೀಟರು ಓಡುತ್ತಿದ್ದ ಗಾಡಿ ಎಂಟಕ್ಕೇ ಕೈ ಚೆಲ್ಲತೊಡಗಿತು. ಸಾಹುಕಾರರು ಮುದ್ದೇಬಿಹಾಳ ರಸ್ತೆಯಲ್ಲಿ ಬೇವಿನ ಮರದಡಿ ಗ್ಯಾರೇಜು ಇಟ್ಟಿದ್ದ ಮಲ್ಲಣ್ಣನಿಗೆ ತೋರಿಸಿದರು. ಮಲ್ಲಣ್ಣ ಗಾಡಿಯನ್ನು ನಿಂತಲ್ಲೇ ಚಾಲೂ ಇಟ್ಟು, ಬಾಟಲಿಯಲ್ಲಿ ಪೆಟ್ರೋಲು ಅಳೆದು ಕುಡಿಸಿ, ಗಡಿಯಾರ ನೋಡಿ, "ಎಂಜಿನ್ ಗುಂಡಿನಂಗ ಐತ್ರಿ," ಎಂದ. ಸಾಹುಕಾರರು ತಾವೇ ಕೂತು ಆಕ್ಸಿಲೇಟರು ಪೂರ್ತಿ ಒತ್ತಿ ಹೊಡೆದು ನೋಡಿದರು. ಗಾಡಿ ಕುದುರೆಯ ಹಾಗೆ ಓಡಿತು. ಎಂಜಿನ್ನಿನಲ್ಲಿ ದೋಷ ಇಲ್ಲವೆಂದ ಮೇಲೆ ಉಳಿದವನು ಒಬ್ಬನೇ.

ಸಾಹುಕಾರರು ಬಾಯಿಬಿಟ್ಟು ಕಳ್ಳ ಎನ್ನಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಒಂದು ಕೊಂಡಿ ಹಾಕಿಸಿ, ಹಿತ್ತಾಳೆಯ ಬೀಗ ಜಡಿದು, ಬೀಗದ ಕೈಯನ್ನು ತಮ್ಮ ಉಡದಾರಕ್ಕೆ ಕಟ್ಟಿಕೊಂಡರು. ಕಾರು ಹೋದಲ್ಲೆಲ್ಲ ಬೀಗ ತೂಗಾಡುತ್ತ ಹೋಯಿತು. ಇಡೀ ಬಜಾರು ಅದನ್ನು ನೋಡಿ ಮೂಗಿನಡಿ ನಕ್ಕಿತು. ಆವತ್ತಿನಿಂದ ಬಾಬುಲಾಲ ಗುನುಗುವುದನ್ನು ಬಿಟ್ಟ. ಬೀಗ ಹಾಕಿ ಮೂರು ತಿಂಗಳಾದರೂ ಗಾಡಿ ಎಂಟೇ ಕೊಟ್ಟಿತು. ಕೆಳಗಿನ ಪೈಪು ಬಿಚ್ಚಿ ಪೆಟ್ರೋಲು ಹೀರುತ್ತಾನೆ ಅಂತ ಸಾಹುಕಾರರೇ ತೀರ್ಮಾನಿಸಿ, ಸೋಮವಾರದಿಂದ ಬೇರೆ ಡ್ರೈವರು ಬರುತ್ತಾನೆಂದು ಹೇಳಿಬಿಟ್ಟರು.

"ಕೆಲಸ ಹೋದ್ರ ಹೋಗ್ಲಿ," ಎಂದ ಬಾಬುಲಾಲ, ರೊಟ್ಟಿ ಮುರಿಯದೆ ಕೂತು. "ಪೆಟ್ರೋಲ್ ಕಳ್ಳ ಅನ್ನೋ ಹೆಸರು ಹೊತ್ತಗೊಂಡು ನಾ ಎಲ್ಲಿಗೆ ಹೋಗ್ಲಿ ಹಜರಾ? ಇಂಡಿ, ಸಿಂದಗಿ ಎಲ್ಲಿ ಹೋದ್ರೂ ಆ ಬೀಗ ನನಗಿಂತ ಮೊದಲ ಹೋಗಿರತೈತಿ."

ಹಜರಾಬಿಗೆ ಗಂಡನ ಮೇಲೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ಶುಕ್ರವಾರ ಮುಂಜಾನೆ ಅವಳು ಸಾಹುಕಾರರ ಮನೆಗೇ ಹೋಗಬೇಕಾಯಿತು. ಸಾಹುಕಾರರ ತಾಯಿ ಗುರವ್ವನ ಭಜನೆ ಪೇಟಿ ಸೋರುತ್ತಿದೆ ಎಂದು ಹೇಳಿ ಕಳಿಸಿದ್ದರು. ಮನಸ್ಸಿಲ್ಲದ ಮನಸ್ಸಿನಿಂದ ಹೋಗಿ ಕಟ್ಟೆಯ ಮೇಲೆ ಪೇಟಿ ಬಿಚ್ಚಿಕೊಂಡು ಕೂತಳು. ಮಡಿಕೆಯ ಮೂಲೆಯೊಂದು ಹರಿದಿತ್ತು. ಅಂಟು ಬಳಿದು ಮೇಕೆಯ ತೆಳುಚರ್ಮ ಅಂಟಿಸಿದಳು. ತಿದಿ ಒತ್ತಿದಳು. ಸುಂಯ್ ಎಂದಿತು. ಇನ್ನೂ ಎಲ್ಲೋ ಸೋರುತ್ತಿದೆ!

ಒದ್ದೆ ತುಟಿ ಹಿಡಿದು ಮಡಿಕೆಗಳನ್ನೆಲ್ಲ ನೋಡಿದಳು. ತುಟಿ ತಣ್ಣಗಾಗಲಿಲ್ಲ. ತಿದಿ ಬಿಟ್ಟು ಸುಮ್ಮನೆ ಕೂತಳು. ತಿದಿ ಮುಟ್ಟದಿದ್ದರೂ ಸುಂಯ್! ಮರುಗಳಿಗೆ ಅದು ನಿಂತಿತು. ಮತ್ತೆ ಬಂತು.

ಹಜರಾಬಿ ತಲೆ ಎತ್ತಿದಳು. ಅಂಗಳದಲ್ಲಿ ಬಾಬುಲಾಲ ಕಾರಿನ ಬಾನೆಟ್ಟು ಎತ್ತಿ, ಎಂಜಿನ್ ಚಾಲೂ ಇಟ್ಟು, ಕೊನೆಯ ಆಸೆ ಎಂಬಂತೆ ಅಲ್ಲಿ ಇಲ್ಲಿ ತಡಕುತ್ತಿದ್ದ. ಆಕ್ಸಿಲೇಟರಿನ ಕಡ್ಡಿಯನ್ನು ಕೈಯಿಂದ ಎಳೆಯುತ್ತಿದ್ದ, ಬಿಡುತ್ತಿದ್ದ.

ಪೇಟಿ ಅಲ್ಲೇ ಬಿಟ್ಟು ಅವಳು ಓಡಿದಳು. "ಶ್! ಮಾತಾಡಬ್ಯಾಡ್ರಿ, ಕೇಳಾಕತ್ತೇನಿ. ಮೆತ್ತಗ ಎಳೀರಿ."

ಮೆತ್ತಗೆ ಎಳೆದ. ಸುಂಯ್!

"ಬಿಡ್ರಿ."

ಇಲ್ಲ.

"ಪೂರ್ತಿ ಎಳೀರಿ."

ಎಂಜಿನ್ ಭೋರ್ಗರೆಯಿತು. ಅವಳು ಬಗ್ಗಿ ಕಿವಿ ಕೊಟ್ಟಳು. ಆ ಭೋರಿನೊಳಗೆ ಸುಂಯ್ ಇರಲಿಲ್ಲ. ಮತ್ತೆ ಅರ್ಧಕ್ಕಿಳಿಸಿದ, ಮತ್ತೆ ಬಂತು. ಎಂಜಿನ್ನಿನ ಮಗ್ಗುಲಲ್ಲಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಅಂಟಿಕೊಂಡು ಅಂಗೈಗಿಂತ ಸಣ್ಣ ದುಂಡನೆಯ ತಗಡಿನ ಡಬ್ಬಿ ಒಂದಿತ್ತು. ಕಾರ್ಬೊರೇಟರಿನಿಂದ ಹುರಿಯಷ್ಟು ಸಣ್ಣ ಕೊಳವೆ ಅದಕ್ಕೆ ಬಂದು ಸೇರುತ್ತಿತ್ತು. ಸದ್ದು ಅದರೊಳಗಿನಿಂದ. ಅವಳು ಒದ್ದೆ ತುಟಿಯನ್ನು ಡಬ್ಬಿಯ ಹತ್ತಿರ ಒಯ್ದಳು. ಅಂಥ ಬಿಸಿ ಎಂಜಿನ್ನಿನ ಪಕ್ಕದಲ್ಲಿ ತುಟಿ ತಣ್ಣಗಾಯಿತು.

"ಸಾವ್ಕಾರ್ರ!" ಅವಳು ಕೂಗಿದ ಕೂಗಿಗೆ ಬಸಂತರಾಯರು ಕೈಯಲ್ಲಿ ಚಹಾ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದರು. "ನಿಮ್ಮ ಕಾರಿನ ತಿದಿ ಹರದೈತ್ರಿ!"

ಸಾಹುಕಾರರು ಬಿದ್ದು ಬಿದ್ದು ನಕ್ಕರು. "ಕಾರಿಗಿ ಎಲ್ಲಿ ತಿದಿ ಬಂತವಾ? ಇದೇನ್ ಭಜನಿ ಪೇಟಿ ಅಂತ ತಿಳದೀ?"

"ಉಸರಾಡೋದಕ್ಕೆಲ್ಲ ತಿದಿ ಇರತೈತ್ರಿ. ಮಲ್ಲಣ್ಣಾರ ಕಡೆ ನಡೀರಿ. ಸುಳ್ಳಾದ್ರ ಸೋಮವಾರ ಯಾಕ, ಇವತ್ತ ನಮ್ಮವರ ಲೈಸೆನ್ಸ್ ನಿಮ್ಮ ಕೈಯಾಗ ಇಡ್ತೇನಿ."

ಬಾಬುಲಾಲನ ಮುಖ ಬಿಳಿಚಿತು. ಒಳಗಿನಿಂದ ಗುರವ್ವ ಮಾತ್ರ, "ನಡಿಯೋ ಬಸಂತಾ, ಆಕಿ ಕಿವಿ ಸುಳ್ಳ ಹೇಳಂಗಿಲ್ಲ," ಎಂದು ಮಗನಿಗೆ ಗದರಿದಳು. ಸಾಹುಕಾರರು ಯಾರಿಗೂ ಹೆದರದವರು, ತಾಯಿಯೊಬ್ಬಳನ್ನು ಬಿಟ್ಟು.

ಕಾರು ಗ್ಯಾರೇಜಿಗೆ ಹೋಯಿತು. ಹಜರಾಬಿ ಚರ್ಮದ ಚೀಲ ಬಗಲಲ್ಲಿಟ್ಟುಕೊಂಡು ಹಿಂದಿನಿಂದ ನಡೆದೇ ಹೋದಳು, ನಡೆದಳು ಎನ್ನುವುದಕ್ಕಿಂತ ಓಡಿದಳು ಎನ್ನಬೇಕು. ಗ್ಯಾರೇಜಿಗೆ ಹೆಂಗಸರು ಕಾಲಿಟ್ಟ ದಾಖಲೆಯೇ ಇರಲಿಲ್ಲ. ಮಲ್ಲಣ್ಣ ಎಣ್ಣೆಗೈ ಒರೆಸಿಕೊಳ್ಳುತ್ತ ಗಾಬರಿಯಿಂದ ಎದ್ದುನಿಂತ.

"ಮಲ್ಲಣ್ಣಾರ, ಈ ಡಬ್ಬಿ ಏನ್ರಿ?"

"ಅದಾ ಭಾಬಿ? ಎಂಜಿನ್ ಎಷ್ಟ್ ಉಸರ ಎಳಕೊಳ್ಳಾಕತ್ತೈತಿ ಅಂತ ಅದಕ್ಕ ಗೊತ್ತಾಗತೈತಂತ. ಅದರ ಮ್ಯಾಲ ಕಿಡಿ ಹಿಂದ-ಮುಂದ ಮಾಡತೈತಂತ. ಖರೇ ಹೇಳ್ಬೇಕಂದ್ರ, ಅದನ್ನ ಯಾರೂ ಬಿಚ್ಚಂಗಿಲ್ಲ."

"ಬಿಚ್ಚಂಗಿಲ್ಲ ಅಂದ್ರ ಅದು ಹರಿಯಂಗಿಲ್ಲ ಅಂತೇನು?"

ಅವಳು ಸೆರಗು ಬಿಗಿದು ಕಟ್ಟಿ, ಸಣ್ಣ ಕೊಳವೆಯನ್ನು ಕಾರ್ಬೊರೇಟರಿನ ಕಡೆಯಿಂದ ಕಿತ್ತು ಬಾಯಿಗೆ ಇಟ್ಟಳು. ನೆರೆದಿದ್ದವರು ಹಾ ಎಂದರು. ಸ್ವರದ ಪಟ್ಟಿ ಹೀರುವವಳಿಗೆ ಇದೊಂದು ದೊಡ್ಡದೆ? ಜೋರಾಗಿ ಹೀರಿ ತುದಿಗೆ ನಾಲಿಗೆ ಒತ್ತಿದಳು. ಗಾಳಿ ಸಲೀಸಾಗಿ ಬಂತು. ನಾಲಿಗೆ ಹಿಡಿಯಲಿಲ್ಲ. ಡಾಕ್ಟರರ ಕಾರೊಂದು ಸರ್ವೀಸಿಗೆ ಬಂದು ಅಲ್ಲೇ ನಿಂತಿತ್ತು. ಮಲ್ಲಣ್ಣನಿಂದ ಅದರ ಕೊಳವೆ ಬಿಚ್ಚಿಸಿ ಹೀರಿದಳು. ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಯನ್ನು ಹಿಂದೆ-ಮುಂದೆ ಮಾಡುವ ತಗಡಿನ ಬಿಲ್ಲೆ ಟಿಕ್ ಎಂದು ಹೊರಳಿತು, ನಾಲಿಗೆ ಕೊಳವೆಗೆ ಅಂಟಿಕೊಂಡಿತು.

ಮಲ್ಲಣ್ಣ ನೋಡಿದ. ಸಾಹುಕಾರರ ಕಾರಿನದನ್ನು ತಾನೂ ಒಮ್ಮೆ ಹೀರಿದ. ಬಿಲ್ಲೆ ಅಲುಗಲಿಲ್ಲ. ಹಣೆ ಹಣೆ ಬಡಿದುಕೊಂಡ. "ಕಿಡಿ ತಡಾ ಆದ್ರ ಪೆಟ್ರೋಲ್ ಸುಮ್ನ ಹಾಳಾಗತೈತಿ!"

ಹಜರಾಬಿ ಈಗ ತಡೆಯಲಾರದೆ ಮಾತಾಡಿದಳು, ಒಂದೇ ಉಸಿರಿಗೆ. "ನೀವು ಗಾಡಿ ನಿಂದರ್ಸಿ ನೋಡಿದ್ರಿ ಮಲ್ಲಣ್ಣಾರ, ಆಗ ಈ ಡಬ್ಬಿಗಿ ಕೆಲಸ ಇಲ್ಲ. ಸಾವ್ಕಾರ್ರು ಒತ್ತಿ ಹೊಡದ್ರು, ಆಗೂ ಇದಕ್ಕ ಕೆಲಸ ಇಲ್ಲ. ಮೆತ್ತಗ ಹೊಡದಾಗಷ್ಟ ಇದು ದುಡೀಬೇಕು. ಮೆತ್ತಗ ಹೊಡಿಯವ್ರು ಈ ಊರಾಗ ಒಬ್ರ ಅದಾರ. ಅವರಿಗೇ ಕಳ್ಳ ಅಂದ್ರಿ!"

ಸಾಹುಕಾರರ ಮುಖ ಕೆಂಪೇರಿತ್ತು, ಆದರೆ ವ್ಯಾಪಾರಿಯ ಬುದ್ಧಿ ಸೋಲಲಿಲ್ಲ. "ಒಂದ್ ಬೊಟ್ಟಿನಷ್ಟು ಡಬ್ಬಿ ಮೂರು ಕಿಲೋಮೀಟರಿನ ಪೆಟ್ರೋಲ್ ನುಂಗತೈತಿ ಅಂದ್ರ ನಾ ನಂಬಂಗಿಲ್ಲ. ರಿಪೇರಿ ಮಾಡ್ರಿ. ಬಾಟ್ಲಿಯಾಗ ಒಂದ ಲೀಟರ್ ಹಾಕ್ರಿ. ಮಲ್ಲಣ್ಣ ಹೊಡೀಲಿ, ಬಾಬುಲಾಲ ಗಾಡ್ಯಾಗ ಇರಕೂಡದು. ಹನ್ನೊಂದನೇ ಕಲ್ಲ ದಾಟಿದ್ರ ನಿನ್ನ ಗಂಡ ಸಾಚಾ. ದಾಟಲಿಲ್ಲಂದ್ರ ಲೈಸೆನ್ಸ್ ಕೊಟ್ಟು ಮನಿಗಿ ಹೋಗ್ಬೇಕು."

"ಆತು. ಆದ್ರ ಮಲ್ಲಣ್ಣಾರು ನಮ್ಮವರಂಗ ಮೆತ್ತಗ ಹೊಡೀಬೇಕು. ನಾನೂ ಗಾಡ್ಯಾಗ ಇರಾಕಿ."

ಹೊಸ ಡಬ್ಬಿ ಬೇಕೆಂದರೆ ಸೊಲ್ಲಾಪುರದಿಂದ ತರಿಸಬೇಕು, ಎಂಟು ದಿನ. ಸೋಮವಾರಕ್ಕೆ ಇದ್ದದ್ದು ಮೂರೇ ದಿನ. ಮಲ್ಲಣ್ಣ ಡಬ್ಬಿಯ ಅಂಚನ್ನು ಸ್ಕ್ರೂಡ್ರೈವರಿನಿಂದ ಹುಷಾರಾಗಿ ಎಬ್ಬಿಸಿದ. ಒಳಗಿನ ರಬ್ಬರಿನ ಪೊರೆ ಒಣಗಿ, ಅಂಚಿನಗುಂಟ ಹಿಮ್ಮಡಿಯ ಹಾಗೆ ಬಿರಿದಿತ್ತು. ಹಜರಾಬಿ ಚೀಲದಿಂದ ಎಲ್ಲಕ್ಕಿಂತ ತೆಳುವಾದ ಮೇಕೆ ಚರ್ಮ ಆರಿಸಿ, ಔಡಲೆಣ್ಣೆಯಲ್ಲಿ ನೆನೆಸಿ ತಿಕ್ಕಿ, ಪೊರೆಯ ಅಳತೆಗೆ ದುಂಡಗೆ ಕತ್ತರಿಸಿದಳು. ನಡುವಿನ ಮೊಳೆಯನ್ನು ಇಬ್ಬರೂ ಸೇರಿ ಕೂರಿಸಿದರು. ಅಂಚು ಮಡಚಿ ಬಡಿದರು. ಅವಳು ಕೊಳವೆ ಬಾಯಿಗಿಟ್ಟು ಹೀರಿದಳು.

ಟಿಕ್!

ನಾಲಿಗೆ ಕೊಳವೆಗೆ ಗಟ್ಟಿಯಾಗಿ ಹಿಡಿದುಕೊಂಡಿತು. ಅವಳು "ಊಂ, ಊಂ," ಎಂದು ಕೈ ಬೀಸಿದಳೇ ಹೊರತು ಮಾತು ಬರಲಿಲ್ಲ. ಹಜರಾಬಿಯ ನಾಲಿಗೆ ಯಾರ ಕೈಯಲ್ಲಾದರೂ ಸಿಕ್ಕಿಬಿದ್ದದ್ದು ಅದೇ ಮೊದಲು. ಬಾಬುಲಾಲ ಕೂಡ ಮೂರು ತಿಂಗಳ ಮೇಲೆ ನಕ್ಕ.

ಸಾಹುಕಾರರ ಸಂಶಯ ನಗುವುದಿಲ್ಲವಲ್ಲ. ಕಳ್ಳದಾರಿಯಿಂದ ಪೆಟ್ರೋಲು ಬಂದೀತೆಂದು ಬೀಗ ತೆಗೆದು ಟ್ಯಾಂಕಿನ ಪೆಟ್ರೋಲನ್ನೆಲ್ಲ ಗ್ಯಾರೇಜಿನ ಡ್ರಮ್ಮಿಗೆ ಬಸಿಸಿದರು, ಖಾಲಿ ಟ್ಯಾಂಕಿಗೆ ಮತ್ತೆ ಬೀಗ ಹಾಕಿದರು. ಒಂದು ಲೀಟರಿನ ಗಾಜಿನ ಬಾಟಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಎಂಜಿನ್ನಿಗೆ ಕೊಟ್ಟರು. "ಬಾಟ್ಲಿ ನನ್ನ ಕೈಯಾಗ ಇರ್ಲಿ," ಎಂದು ತಾವೇ ಮುಂದೆ ಕೂತು, ಕಿಟಕಿಯಿಂದ ಕೈ ಹೊರಗೆ ಚಾಚಿ ಹಿಡಿದುಕೊಂಡರು. ಗ್ಯಾರೇಜಿನ ಎದುರಿನ ಕಿಲೋಮೀಟರ್ ಕಲ್ಲಿನಿಂದ ಎಣಿಕೆ. ಹಜರಾಬಿ ಹಿಂದಿನ ಸೀಟಿನಲ್ಲಿ ತುದಿಗೆ ಕೂತಳು. ಆ ಕಾರಿನಲ್ಲಿ ಮೊದಲ ಸಲ ಕೂತದ್ದು ಎಂದು ನೆನಪಾಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹಿಂದಿನ ಗಾಜಿನಲ್ಲಿ ಬಾಬುಲಾಲ ಬೇವಿನ ಮರದಡಿ ಒಬ್ಬನೇ ನಿಂತದ್ದು ಸಣ್ಣದಾಗುತ್ತ ಹೋಯಿತು.

ಒಂದು, ಎರಡು, ಮೂರು. ಎರಡೂ ಬದಿಗೆ ತೆನೆ ತೂಗುವ ಬಿಳಿಜೋಳ. ಮಲ್ಲಣ್ಣ ಹೊಸ ಮದುಮಗಳನ್ನು ಕೂರಿಸಿಕೊಂಡವನ ಹಾಗೆ ಗಾಡಿ ಹೊಡೆಯುತ್ತಿದ್ದ. ಐದನೇ ಕಲ್ಲಿಗೆ ಬಾಟಲಿ ಅರ್ಧಕ್ಕಿಂತ ಮೇಲೇ ಇತ್ತು. ಸಾಹುಕಾರರು ಬಾಟಲಿಯನ್ನು ಅಲುಗಿಸಿ ನೋಡಿದರು.

ಏಳು. ಎಂಟು! ಮೂರು ತಿಂಗಳಿಂದ ಗಾಡಿ ಕೈ ಚೆಲ್ಲುತ್ತಿದ್ದ ಎಂಟು ಹಿಂದೆ ಬಿತ್ತು. ಚರ್ಮ ಎಣ್ಣೆ ಕುಡಿದು ಸಡಿಲಾದರೆ? ಬಿಸಿಗೆ ಸುರುಟಿದರೆ? ಸುಂಯ್ ಬರುತ್ತದೇನೋ ಎಂದು ಕಿವಿ ನಿಮಿರಿಸಿ ಕೂತಳು.

"ಒಂಬತ್ತ ದಾಟಿತ್ರಿ ಸಾವ್ಕಾರ್ರ," ಎಂದ ಮಲ್ಲಣ್ಣ.

"ನನಗೂ ಎಣಸಾಕ ಬರತೈತಿ. ನೀ ಹೊಡಿ."

ಹತ್ತು. ಬಾಟಲಿಯಲ್ಲಿ ಎರಡು ಬೆರಳು. ಸಾಹುಕಾರರ ತೋಳು ಸೋತಿತ್ತು, ಆದರೂ ಇನ್ನೊಬ್ಬರ ಕೈಗೆ ಕೊಡಲೊಲ್ಲರು. ಬಾಟಲಿಯ ತಳದಲ್ಲಿ ಒಂದು ಬೆರಳು ಉಳಿದಾಗ ದೂರದಲ್ಲಿ ಹನ್ನೊಂದನೇ ಕಲ್ಲು ಕಂಡಿತು. ಹಜರಾಬಿ ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕಲ್ಲು ಹತ್ತಿರ ಬಂತು, ಕಿಟಕಿಗೆ ಬಂತು, ಹಿಂದೆ ಹೋಯಿತು.

"ದಾಟಿತು!" ಹಜರಾಬಿ ಚೀರಿದಳು. ಮಲ್ಲಣ್ಣ ಹಾರ್ನು ಬಾರಿಸಿಯೇ ಬಾರಿಸಿದ. ಗಾಡಿ ಇನ್ನೂ ಓಡಿತು, ಬಾಟಲಿ ಬರಿದಾದ ಮೇಲೂ ಓಡಿತು, ಆಮೇಲೆ ಎರಡು ಸಲ ಕೆಮ್ಮಿ, ಹನ್ನೆರಡನೇ ಕಲ್ಲಿನಿಂದ ಹತ್ತು ಹೆಜ್ಜೆ ಈಚೆಗೆ ನಿಂತಿತು.

ಸಾಹುಕಾರರು ಬರಿದಾದ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿದರು. ಆಮೇಲೆ, "ಮಲ್ಲಣ್ಣ, ತಿರಗಿ ಊರಿಗಿ ಹೆಂಗ ಹೋಗೂದು?" ಎಂದರು.

ಟ್ಯಾಂಕನ್ನು ಖಾಲಿ ಮಾಡಿಸಿದವರು ಅವರೇ. ಬೇರೊಂದು ಡಬ್ಬಿಯಲ್ಲಿ ಒಂದಿಷ್ಟು ಪೆಟ್ರೋಲು ಇಟ್ಟುಕೊಳ್ಳಬೇಕೆಂದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಮುದ್ದೇಬಿಹಾಳದ ಕಡೆಯಿಂದ ಬಸ್ಸು ಬಂತು. ಸಾಹುಕಾರರು ನಡುರಸ್ತೆಯಲ್ಲಿ ನಿಂತು ಅಡ್ಡಗಟ್ಟಿ, ಬಾಗೇವಾಡಿಯ ಗ್ಯಾರೇಜಿನಲ್ಲಿರುವ ತಮ್ಮ ಡ್ರೈವರನಿಗೆ, ಕಾರು ನಿಂತಿದೆ, ಪೆಟ್ರೋಲು ತರಬೇಕಂತೆ ಎಂದು ತಿಳಿಸಲು ಕಂಡಕ್ಟರನಿಗೆ ಹೇಳಿ ಕಳಿಸಿದರು. ಎಲ್ಲಿ ನಿಂತಿದೆ ಎಂದು ಹೇಳಿರಲಿಲ್ಲ. ಬಸ್ಸು ಹೋದ ಮೇಲೆ ಹಜರಾಬಿಗೆ ಅದು ಹೊಳೆಯಿತು. ಕಾರು ನಿಂತಿತು ಎಂದಷ್ಟೇ ಕೇಳಿದವನ ಎದೆ ಏನಾಗಬೇಕು!

ಗಂಟೆಯೊಂದು ಕಳೆಯಿತು. ಅವಳು ರಸ್ತೆಯ ನಡುವೆ ನಿಂತು ಹಣೆಗೆ ಕೈಯಿಟ್ಟು ನೋಡುತ್ತಲೇ ಇದ್ದಳು. ಕಡೆಗೆ ಇಳಿಜಾರಿನ ತುದಿಯಲ್ಲಿ ಒಂದು ಸೈಕಲ್ಲು ಕಂಡಿತು, ಹಿಂದೆ ಕ್ಯಾರಿಯರಿಗೆ ಕಟ್ಟಿದ ಪೆಟ್ರೋಲಿನ ಡಬ್ಬಿ. ಸೈಕಲ್ಲಿನವನು ಒಂದು ಕೈ ಬಿಟ್ಟು ಗಾಳಿಯಲ್ಲಿ ಬೀಸುತ್ತ ಏನೋ ಕೂಗುತ್ತಿದ್ದ. ಅವನು ದಾರಿಯುದ್ದಕ್ಕೂ ಕಲ್ಲು ಎಣಿಸುತ್ತ ಬಂದಿದ್ದ. ಎಂಟರಲ್ಲಿ ಕಾರಿರಲಿಲ್ಲ. ಒಂಬತ್ತರಲ್ಲಿ ಇರಲಿಲ್ಲ. ಹತ್ತರಲ್ಲಿ ಇರಲಿಲ್ಲ.

"ಹನ್ನೊಂದೂ ದಾಟೇತಿ ಹಜರಾ!" ಬಾಬುಲಾಲ ಕೂಗುತ್ತಿದ್ದ, ಎಂಟು ವರ್ಷದಲ್ಲಿ ಏರದಿದ್ದ ದನಿಯಲ್ಲಿ. "ಹನ್ನೊಂದೂ ದಾಟೇತಿ!"

ಬೆವರಿನಿಂದ ತೊಯ್ದವನು ಸೈಕಲ್ಲು ಕಾರಿಗೆ ಒರಗಿಸಿ ಡಬ್ಬಿ ಬಿಚ್ಚಿ ತಂದ. ಟ್ಯಾಂಕಿನ ಮುಂದೆ ನಿಂತ. ಅಲ್ಲಿ ಬೀಗ ಇತ್ತು. ಹೊಲದ ಮಂದಿ ನಾಲ್ಕಾರು ಜನ ಅಷ್ಟರಲ್ಲಿ ಬಂದು ಸುತ್ತ ನೆರೆದಿದ್ದರು.

ಸಾಹುಕಾರರು ಉಡದಾರದಿಂದ ಬೀಗದ ಕೈ ಬಿಚ್ಚಿ ಚಾಚಿದರು. "ತಗೋ ಬಾಬುಲಾಲ. ಇನ್ ಮ್ಯಾಲ ಇದು ನಿನ್ನ ಕಡೇನ ಇರ್ಲಿ."

ಬಾಬುಲಾಲನ ಕೈ ಮುಂದೆ ಬರಲಿಲ್ಲ. "ಹಾಕಿದವರು ನೀವ್ರಿ," ಎಂದ, ಮೆತ್ತಗೆ. "ನೀವ ತಗೀರಿ."

ಮಲ್ಲಣ್ಣ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡುಬಿಟ್ಟ. ಸಾಹುಕಾರರು ಸುತ್ತಲೂ ಒಮ್ಮೆ ನೋಡಿದರು, ಬಗ್ಗಿದರು, ಬೀಗ ತೆಗೆದರು. ಡಬ್ಬಿಯನ್ನು ಬಾಬುಲಾಲನ ಕೈಯಿಂದ ಇಸಿದುಕೊಂಡು ತಾವೇ ಸುರಿದರು. ಅರ್ಧ ಅಂಗೈ ಪೆಟ್ರೋಲು ಅವರ ಧೋತರದ ಮೇಲೇ ಚೆಲ್ಲಿತು. "ನಂದ ತಪ್ಪಾತಪಾ," ಎಂದರು ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ. "ಎಂಟ್ ವರ್ಷದ ಮನಿಷ್ಯಾನ್ನ ಬಿಟ್ಟು ಬೀಗಾ ನಂಬಿದೆ."

ಬಾಬುಲಾಲ ಕಣ್ಣು ಒರೆಸಿಕೊಂಡ. ಸಾಹುಕಾರರಿಗೆ ಕೈಯಲ್ಲಿದ್ದ ಬೀಗವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಹಜರಾಬಿ ಅಂಗೈ ಚಾಚಿದಳು.

"ಇಲ್ಲಿ ಕೊಡ್ರಿ. ನನ್ನ ಚರ್ಮದ ಪೆಟ್ಟಿಗಿಗಿ ಬೇಕಾಗಿತ್ತು, ಇಲಿ ಕಾಟ ಭಾಳ."

ಆ ಬೀಗ ಅವಳ ಮನೆಯಲ್ಲಿ ಮುಂದೆ ಎಷ್ಟೋ ವರ್ಷ ಇತ್ತು. ಪೇಟಿ ತಂದವರೆಲ್ಲ ಅದರ ಕಥೆ ಕೇಳದೆ ಹೋಗುತ್ತಿರಲಿಲ್ಲ. ಸೊಲ್ಲಾಪುರದ ಹೊಸ ಡಬ್ಬಿ ಬಂದ ಮೇಲೂ ಮಲ್ಲಣ್ಣ ಗಾಡಿ ರೋಗ ಗೊತ್ತಾಗದಾಗ ಅವಳ ಬಾಗಿಲಿಗೆ ಬಂದು, "ಭಾಬಿ, ಒಂದೀಟ ಕಿವಿ ಕೊಡ್ತೀರೇನು?" ಎನ್ನುತ್ತಿದ್ದ.

ಆವತ್ತು ಮಲ್ಲಣ್ಣ ಪೈಪು ಟ್ಯಾಂಕಿಗೆ ಜೋಡಿಸಿದ. ಬಾಬುಲಾಲ ಸ್ಟೇರಿಂಗಿನ ಮುಂದೆ ಕೂತ. ಹಜರಾಬಿ ಹಿಂದಿನ ಬಾಗಿಲಿಗೆ ಕೈ ಹಾಕಿದಾಗ ಸಾಹುಕಾರರು ತಡೆದರು. "ಅಲ್ಲೆಲ್ಲಿ ಹೊಂಟಿ ತಂಗೀ? ಮುಂದ ಕುಂದ್ರು." ಸೈಕಲ್ಲನ್ನು ಡಿಕ್ಕಿಗೆ ಕಟ್ಟಿಸಿ, ತಾವು ಮಲ್ಲಣ್ಣನ ಪಕ್ಕ ಹಿಂದೆ ಕೂತರು. ಗಾಡಿ ಹೊರಟಿತು. ಸಾಹುಕಾರರಿಗೆ ಈಗ ಸುಮ್ಮನೆ ಕೂರಲಾಗಲಿಲ್ಲ, ಹನ್ನೆರಡು ಕಿಲೋಮೀಟರು ಓಡಿದ್ದನ್ನು ತಾಯಿಗೆ ಹೇಗೆ ಹೇಳುತ್ತೇನೆ ನೋಡು ಎಂದು ದೊಡ್ಡ ದನಿಯಲ್ಲಿ ಶುರುಮಾಡಿದರು.

"ಶ್! ಸಾವ್ಕಾರ್ರ, ಕೇಳಾಕತ್ತೇನಿ," ಎಂದಳು ಹಜರಾಬಿ.

ಸಾಹುಕಾರರು ಬಾಯಿ ಮುಚ್ಚಿದರು. ಎಂಜಿನ್ನಿನಲ್ಲಿ ಸುಂಯ್ ಇದೆಯೇನೋ ಎಂದು ಅವರೂ ಮಲ್ಲಣ್ಣನೂ ಕಿವಿಗೊಟ್ಟು ಕೂತರು. ಅವಳು ಎಂಜಿನ್ನನ್ನು ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಬಾಬುಲಾಲ, ಮೂರು ತಿಂಗಳ ಮೇಲೆ, ಮೂಗಿನಲ್ಲೇ ಗುನುಗತೊಡಗಿದ್ದ.